ಬಾಗಿಲಲ್ಲಿ ಕೇಳುವ ಚೀಟಿ

ಕಳೆದ ಮೇ ತಿಂಗಳಲ್ಲಿ ನನ್ನ ಹೆಂಡತಿಯ ತಮ್ಮ ಸಂಸಾರ ಸಮೇತ ಗುಂಡ್ಲುಪೇಟೆಯಿಂದ ನಮ್ಮ ಮನೆಗೆ ಹೊರಟ. ಬಂಡೀಪುರದ ಕಾಡು ದಾಟಿ ಕೆಕ್ಕನಹಳ್ಳದ ಚೆಕ್‌ಪೋಸ್ಟಿಗೆ ಬಂದಾಗ ಇ-ಪಾಸ್ ಕೇಳಿದರು. ಇವನು ಮಾಡಿಸಿರಲಿಲ್ಲ. ಫೋನಿಗೆ ಸಿಗ್ನಲ್ ಸರಿಯಾಗಿ ಸಿಗದೆ, ಪಕ್ಕದ ಕಾರಿನ ಹುಡುಗನೊಬ್ಬ ಮಾಡಿಕೊಟ್ಟು, ಒಂದು ಗಂಟೆ ತಡವಾಗಿ ಮನೆ ಸೇರಿದ. ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದ: “ಏನ್ ಭಾವ ಇದು, ಅಕ್ಕನ ಮನೆಗೆ ಬರಾಕೂ ವೀಸಾ ಬೇಕಾ?”

ಎಲ್ಲರೂ ನಕ್ಕೆವು. ಊಟವಾಯಿತು. ಆದರೆ ರಾತ್ರಿ ನನಗೆ ಆ ಮಾತು ನಿದ್ದೆಗೊಡಲಿಲ್ಲ. ಅದಕ್ಕೆ ಕಾರಣ ಅವನಲ್ಲ. ನಲವತ್ತು ವರ್ಷದ ಹಿಂದಿನ ಒಂದು ಸಂಜೆ. ಅದನ್ನು ಇಲ್ಲಿ ಬರೆಯಬೇಕೋ ಬೇಡವೋ ಎಂದು ಬಹಳ ಯೋಚಿಸಿದೆ. ನಮ್ಮ ವಾಚನಾಲಯದ ಪುಸ್ತಕವನ್ನು ಓದುವವರು ನನ್ನನ್ನು ಬಲ್ಲವರೇ. ಬಲ್ಲವರ ಮುಂದೆ ಹೇಳುವುದೇ ಕಷ್ಟ. ಆದರೂ ಹೇಳುತ್ತೇನೆ.

ಮೊದಲು ವೀಸಾ ಎಂದರೇನು ಎಂಬುದು ಸ್ಪಷ್ಟವಾಗಲಿ. ಪಾಸ್‌ಪೋರ್ಟ್ ಎಂದರೆ ನಮ್ಮ ಮನೆಯ ಯಜಮಾನ ಬರೆದುಕೊಡುವ ಪರಿಚಯದ ಕಾಗದ: ಇವನು ನಮ್ಮವನು, ಹೆಸರು ಇದು, ಮುಖ ಇದು. ವೀಸಾ ಎಂದರೆ ಆ ಮನೆಯವರು ಕೊಡುವ ಒಪ್ಪಿಗೆ: ಬರಬಹುದು, ಇಂಥ ಕೆಲಸಕ್ಕೆ, ಇಷ್ಟು ದಿನಕ್ಕೆ. ನಾವು ಇದನ್ನು ಸೃಷ್ಟಿಯ ನಿಯಮದಂತೆ ಒಪ್ಪಿಕೊಂಡುಬಿಟ್ಟಿದ್ದೇವೆ. ನಿಜಕ್ಕೂ ಇದು ನೂರು ವರ್ಷದ ಸರಕು. ಮೊದಲನೇ ಮಹಾಯುದ್ಧಕ್ಕೆ ಮುಂಚೆ ಯುರೋಪಿನ ಬಹುಭಾಗದಲ್ಲಿ ಜನ ಪಾಸ್‌ಪೋರ್ಟ್ ಇಲ್ಲದೆಯೇ ಓಡಾಡುತ್ತಿದ್ದರು. 1920ರಲ್ಲಿ ಪ್ಯಾರಿಸ್ಸಿನಲ್ಲಿ ದೇಶಗಳು ಸಭೆ ಸೇರಿ ಪಾಸ್‌ಪೋರ್ಟ್ ಪುಸ್ತಕ ಹೇಗಿರಬೇಕು ಎಂದು ತೀರ್ಮಾನಿಸಿದವು. ಅದೇ ವರ್ಷ ಬ್ರಿಟಿಷರು ನಮ್ಮಲ್ಲೂ ಪಾಸ್‌ಪೋರ್ಟ್ ಕಾಯಿದೆ ತಂದರು. ಸ್ವಾತಂತ್ರ್ಯ ಬಂದ ಮೇಲೂ ಪಾಸ್‌ಪೋರ್ಟ್ ಕೊಡುವುದು ಬಿಡುವುದು ಸರ್ಕಾರದ ಮರ್ಜಿಯಾಗಿಯೇ ಇತ್ತು. 1967ರಲ್ಲಿ ಸುಪ್ರೀಂ ಕೋರ್ಟು, ವಿದೇಶಕ್ಕೆ ಹೋಗುವುದು ಮನುಷ್ಯನ ವೈಯಕ್ತಿಕ ಸ್ವಾತಂತ್ರ್ಯದ ಭಾಗ, ಮನಸ್ಸಿಗೆ ಬಂದಂತೆ ನಿರಾಕರಿಸುವ ಹಾಗಿಲ್ಲ ಎಂದಿತು.

ಇಲ್ಲೊಂದು ಸೋಜಿಗವಿದೆ. ನಮ್ಮ ಕೋರ್ಟು ತೆರೆಯಬಲ್ಲದ್ದು ನಮ್ಮ ಮನೆಯ ಬಾಗಿಲನ್ನು ಮಾತ್ರ. ಎದುರು ಮನೆಯ ಬಾಗಿಲಿಗೆ ಅದರ ಕೈ ಎಟುಕದು. 1948ರ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಘೋಷಣೆಯ ಹದಿಮೂರನೇ ವಿಧಿ ಓದಿ ನೋಡಿ. ಯಾವ ದೇಶವನ್ನಾದರೂ ಬಿಟ್ಟು ಹೋಗಲು, ತನ್ನ ದೇಶಕ್ಕೆ ಮರಳಲು ಎಲ್ಲರಿಗೂ ಹಕ್ಕುಂಟು ಎನ್ನುತ್ತದೆ. ಇನ್ನೊಂದು ದೇಶದೊಳಗೆ ಕಾಲಿಡುವ ಹಕ್ಕಿನ ಬಗ್ಗೆ ಅದು ಮಾತೆತ್ತುವುದಿಲ್ಲ. ಹೊರಡಬಹುದು; ಸೇರುವುದಕ್ಕೆ ಖಾತ್ರಿಯಿಲ್ಲ. ಉಳಿದದ್ದು ‘ತನ್ನ ದೇಶ’ ಎಂಬ ಎರಡು ಪದ. ಅದು ಯಾವುದು ಎಂದು ಯಾರು ಹೇಳಬೇಕು? ನಮ್ಮ ಗೂಡಲೂರು ಸೀಮೆಯಲ್ಲಿ ಬದುಕಿದವರಿಗೆ ಇದು ಪುಸ್ತಕದ ಪ್ರಶ್ನೆಯಲ್ಲ.

ಪಂದಲೂರು, ಚೇರಂಬಾಡಿ, ಕೋತಗಿರಿ ಕಡೆಯ ಸರ್ಕಾರಿ ಟೀ ತೋಟಗಳಲ್ಲಿ ಎಲೆ ಕಿತ್ತವರು ಯಾರೆಂದು ಇವತ್ತಿನ ಮಕ್ಕಳಿಗೆ ಗೊತ್ತಿಲ್ಲ. ನಾವು ‘ಸಿಲೋನ್‌ನವರು’ ಎನ್ನುತ್ತಿದ್ದೆವು. ಸರ್ಕಾರಿ ಕಾಗದದ ಹೆಸರು ‘ತಾಯಗಂ ತಿರುಂಬಿಯೋರ್’, ತಾಯ್ನಾಡಿಗೆ ಮರಳಿದವರು ಎಂದು. ಮರಳಿದವರಲ್ಲಿ ಬಹುಪಾಲು ಜನ ಆ ತಾಯ್ನಾಡನ್ನು ಒಮ್ಮೆಯೂ ಕಂಡವರಲ್ಲ. ಅವರ ಅಜ್ಜ ಮುತ್ತಜ್ಜಂದಿರು ತಿರುಚಿರಾಪಳ್ಳಿ, ಪುದುಕೋಟೆ, ಸೇಲಂ, ರಾಮನಾಥಪುರದ ಬರಗಾಲದ ಹಳ್ಳಿಗಳಿಂದ ಮೊದಲು ಕಾಫಿಗೆ, ಆಮೇಲೆ ಟೀಗೆ ಎಂದು ಸಿಲೋನಿಗೆ ಹೋದವರು. ಅಂದು ಅವರ ಪಾಸ್‌ಪೋರ್ಟ್ ಯಾವುದು ಗೊತ್ತೇ? ಒಂದು ತಗಡಿನ ಬಿಲ್ಲೆ. ತೋಟದ ಗುರುತು, ಆಳಿನ ನಂಬರು ಕೊರೆದ ಬಿಲ್ಲೆ. ಅದನ್ನು ತೋರಿಸಿದರೆ ಸಾಕು, ಇಂಥ ತೋಟಕ್ಕೆ ಸೇರಿದ ಆಳು ಎಂದು ರವಾನಿಸುತ್ತಿದ್ದರು. ಸಿಲೋನ್ ಸರ್ಕಾರ ಈಚೆ ದಡದ ಮಂಡಪಂನಲ್ಲೇ, ನಮ್ಮ ನೆಲದ ಮೇಲೆಯೇ, ರೋಗ ತಪಾಸಣೆಯ ಶಿಬಿರ ಇಟ್ಟುಕೊಂಡಿತ್ತು. ಕೆಲಸದ ಕೈ ಬೇಕಾದಾಗ ಬಾಗಿಲು ಸಮುದ್ರ ದಾಟಿ ಬಂದು ಕರೆಯುತ್ತದೆ.

1948ರಲ್ಲಿ ಸ್ವತಂತ್ರ ಸಿಲೋನ್ ಪೌರತ್ವದ ಕಾಯಿದೆ ಮಾಡಿತು. ತಂದೆ ಅಲ್ಲೇ ಹುಟ್ಟಿದ್ದ, ಇಲ್ಲವೇ ಅಜ್ಜ ಮುತ್ತಜ್ಜ ಇಬ್ಬರೂ ಅಲ್ಲೇ ಹುಟ್ಟಿದ್ದರು ಎಂದು ದಾಖಲೆ ತೋರಿಸಬೇಕಾಗಿತ್ತು. ತೋಟದ ಲೈನ್ ಮನೆಯಲ್ಲಿ ಹುಟ್ಟಿದವರಿಗೆ ಎಲ್ಲಿಯ ದಾಖಲೆ! ಒಂದು ಕಾಯಿದೆಯಿಂದ ಲಕ್ಷಾಂತರ ಜನ ಯಾವ ದೇಶಕ್ಕೂ ಸೇರದವರಾದರು. ಹದಿನಾರು ವರ್ಷದ ನಂತರ, 1964ರ ಅಕ್ಟೋಬರ್ 30ರಂದು, ಲಾಲ್ ಬಹಾದೂರ್ ಶಾಸ್ತ್ರಿಯವರೂ ಸಿರಿಮಾವೊ ಬಂಡಾರನಾಯಿಕೆಯವರೂ ಒಪ್ಪಂದಕ್ಕೆ ಬಂದರು. ಲೆಕ್ಕ ಹೀಗಿತ್ತು: ಒಟ್ಟು 9,75,000 ಜನ; ಅದರಲ್ಲಿ 5,25,000 ಭಾರತಕ್ಕೆ, 3,00,000 ಸಿಲೋನಿಗೆ, ಮಿಕ್ಕ 1,50,000 ಆಮೇಲೆ ನೋಡೋಣ. ಆ ಮಿಕ್ಕವರನ್ನು 1974ರಲ್ಲಿ ಇಂದಿರಾ ಗಾಂಧಿಯವರ ಕಾಲದಲ್ಲಿ ಸರಿಪಾಲು ಮಾಡಿದರು, ತಲಾ 75,000. ಅಣ್ಣತಮ್ಮಂದಿರು ಪಾತ್ರೆಪಗಡ ಹಂಚಿಕೊಂಡ ಹಾಗೆ. ಶಾಸ್ತ್ರಿಗಳ ಬಗ್ಗೆ ನನಗೆ ಅಪಾರ ಗೌರವವಿದೆ; ಆದರೂ ಈ ಲೆಕ್ಕ ಓದುವಾಗ ಬೇಸರವಾಗುತ್ತದೆ. ಆ ಜನರ ಪರವಾಗಿ ಸಹಿ ಹಾಕಿದವರು ಯಾರೂ ಇರಲಿಲ್ಲ.

ಕ್ಯಾಂಡಿ ಪಟ್ಟಣದ ನಮ್ಮ ರಾಯಭಾರ ಕಚೇರಿಯಿಂದ ಅವರಿಗೆ ಭಾರತದ ಪಾಸ್‌ಪೋರ್ಟ್ ಸಿಕ್ಕಿತು. ಅದು ಕೈಗೆ ಬಂದ ಗಳಿಗೆಯಿಂದ, ಹುಟ್ಟಿದ ಊರಿನಲ್ಲೇ ಅವರು ಪರದೇಶಿಗಳು. ತಲೈಮನ್ನಾರಿನಿಂದ ಹಡಗು, ರಾಮೇಶ್ವರದಲ್ಲಿ ಇಳಿದು ಮಂಡಪಂ ಶಿಬಿರ. ಒಂದು ಕಾಲದಲ್ಲಿ ಅಜ್ಜಂದಿರನ್ನು ತಪಾಸಣೆ ಮಾಡಿ ಆಚೆ ಕಳಿಸಿದ ಅದೇ ಮಂಡಪಂ. ಅವರಿಗೆ ಕೆಲಸ ಕೊಡಲೆಂದೇ ತಮಿಳುನಾಡು ಅರಣ್ಯ ಇಲಾಖೆ 1968ರಲ್ಲಿ ನೀಲಗಿರಿಯಲ್ಲಿ ಟೀ ನೆಡಲು ಶುರುಮಾಡಿತು. ಮುಂದೆ ಅದೇ ಟ್ಯಾನ್‌ಟೀ ನಿಗಮವಾಯಿತು. ಅಲ್ಲಿ ‘ಇಂಡಿಯಾದವರು’ ಎನಿಸಿಕೊಂಡವರು ಇಲ್ಲಿ ‘ಸಿಲೋನ್‌ನವರು’ ಆದರು.

ಈಗ ನನ್ನ ಮಾತಿಗೆ ಬರುತ್ತೇನೆ.

ನಾನಾಗ ಮೂವತ್ತರ ಹರೆಯದ ಮೇಷ್ಟ್ರು. ಗೂಡಲೂರು ಕಡೆಯ ಒಂದು ಹಳೇ ಶಾಲೆ. ದಾಖಲಾತಿ ರಿಜಿಸ್ಟರು, ಟಿ.ಸಿ. ಪುಸ್ತಕ, ಮೊಹರು ಎಲ್ಲ ನನ್ನ ಬೀರುವಿನಲ್ಲಿ. ಶಾಲೆಯ ಮೇಲಿನ ಟೀ ತೋಟದಲ್ಲಿ ಒಬ್ಬ ಹೆಂಗಸು ಎಲೆ ಕೀಳುತ್ತಿದ್ದಳು. 1973ರಲ್ಲಿ ಗಂಡ, ಎರಡು ಸಣ್ಣ ಮಕ್ಕಳ ಜೊತೆ ಹಡಗಿನಲ್ಲಿ ಬಂದವಳು. ದೊಡ್ಡ ಮಗ ಬರಲಿಲ್ಲ. ಅವನಿಗೆ ಅಲ್ಲೇ ಮದುವೆಯಾಗಿತ್ತು, ಹೆಣ್ಣಿನ ಕಡೆಯವರು ಸಿಲೋನಿನ ಪೌರತ್ವಕ್ಕೆ ಅರ್ಜಿ ಹಾಕಿದ್ದರು, ಇವನೂ ಅವರೊಂದಿಗೆ ಹಾಕಿದ. ಹೀಗೆ ಎರಡು ಅರ್ಜಿಯಲ್ಲಿ ಒಂದು ಒಲೆ ಎರಡಾಯಿತು. ಇದು ಇವಳೊಬ್ಬಳ ಕತೆಯಲ್ಲ, ಎಷ್ಟೋ ಮನೆಗಳದು.

1983ರ ಮಾರ್ಚಿನಲ್ಲಿ ಆ ಮಗ ತಾಯಿಯನ್ನು ನೋಡಲು ಬಂದ. ಹತ್ತು ವರ್ಷದ ಮೇಲೆ. ಈಗ ಅವನ ಕೈಯಲ್ಲಿ ಇದ್ದದ್ದು ಶ್ರೀಲಂಕಾದ ಪಾಸ್‌ಪೋರ್ಟ್, ಅದರಲ್ಲಿ ಒಂದು ತಿಂಗಳಿಗೆಂದು ಹೊಡೆದ ಮುದ್ರೆ. ತಾಯಿಯ ಮನೆಗೆ ಅನ್ಯದೇಶದ ಪಾಸ್‌ಪೋರ್ಟಿನ ಮೇಲೆ ಬಂದ ಮಗ. ಮುದ್ರೆಯ ದಿನ ಮುಗಿಯಲು ಒಂದು ವಾರವಿರುವಾಗ ಆಕೆ ಶಾಲೆ ಬಿಟ್ಟ ಮೇಲೆ ಬಂದು ಕಂಬದ ಹತ್ತಿರ ನಿಂತಳು.

“ವಾದ್ಯಾರಯ್ಯ, ನಿಮ್ಮ ದೊಡ್ಡ ಪುಸ್ತಕದಲ್ಲಿ ನನ್ನ ಮಗನ ಹೆಸರು ಒಂದು ಸಾಲು ಬರೆದುಬಿಡಿ. ಅವನು ಇಲ್ಲೇ ಹುಟ್ಟಿದ, ಇಲ್ಲೇ ಮೂರನೇ ಕ್ಲಾಸು ಓದಿದ ಅಂತ. ಒಂದು ಟಿ.ಸಿ. ಕೊಟ್ಟರೆ ರೇಷನ್ ಕಾರ್ಡು ಆಗುತ್ತದೆ. ಆಮೇಲೆ ಯಾರೂ ಕೇಳೋದಿಲ್ಲ. ಹೆಂಡತಿ ಮಗೂನ ಹೇಗಾದರೂ ಕರೆಸಿಕೊಳ್ತಾನೆ.”

ಆಕೆ ಹೇಳಿದ್ದು ನಿಜ. ಆ ಕಾಲದಲ್ಲಿ ಅಷ್ಟು ಸಾಕಾಗುತ್ತಿತ್ತು. ಇನ್ನೊಂದು ನಿಜವೂ ಇತ್ತು. 1962ರ ರಿಜಿಸ್ಟರಿನಲ್ಲಿ, ವರ್ಷದ ಕೊನೆಯ ಪುಟದಲ್ಲಿ, ಎರಡು ಸಾಲು ಖಾಲಿ ಇದ್ದವು. ಅದು ನನಗೆ ಮಾತ್ರ ಗೊತ್ತಿತ್ತು.

“ಆಗಲ್ಲಮ್ಮ. ಜಾಗ ಇಲ್ಲ, ಪುಸ್ತಕ ತುಂಬಿಹೋಗಿದೆ” ಎಂದೆ.

ಆಕೆ ಬೇಡಲಿಲ್ಲ. “ಜಾಗ ಇಲ್ಲವಾ” ಎಂದು ನನ್ನ ಮಾತನ್ನೇ ಇನ್ನೊಮ್ಮೆ ಹೇಳಿಕೊಂಡು ಹೋದಳು. ಮಗ ಅವಧಿಗೆ ಎರಡು ದಿನ ಮುಂಚೆಯೇ ಹೊರಟ. ಜುಲೈ ಕೊನೆಯಲ್ಲಿ ಕೊಲಂಬೊದಲ್ಲಿ ತಮಿಳರ ಮೇಲೆ ಹಿಂಸೆ ಶುರುವಾಯಿತು. ಬದುಲ್ಲ, ನುವರ ಎಲಿಯದಂಥ ತೋಟದ ಸೀಮೆಗೂ ಹಬ್ಬಿತು. ರೇಡಿಯೋದಲ್ಲಿ ಕೇಳುತ್ತಿದ್ದೆವು. ಎರಡು ತಿಂಗಳು ಅವನಿಂದ ಕಾಗದವಿಲ್ಲ. ಬಂದಾಗ, ಓದಲು ಬಾರದ ಆಕೆ ಅದನ್ನು ನನ್ನ ಹತ್ತಿರವೇ ತಂದಳು. ಮನೆ ಸುಟ್ಟಿದ್ದರು; ಅವನು, ಹೆಂಡತಿ, ಮಗು ಎರಡು ರಾತ್ರಿ ಟೀ ಗಿಡಗಳ ನಡುವೆ ಮಲಗಿ ಉಳಿದುಕೊಂಡಿದ್ದರು. ನಾನು ಓದಿದೆ. ಆಕೆ ಕೇಳಿಸಿಕೊಂಡು, ಕಾಗದ ಮಡಿಸಿಕೊಂಡು, “ಇನ್ನೊಂದು ಸಲ ಓದಿ” ಎಂದಳು. ಅಷ್ಟೇ. ಮರುವರ್ಷ ರಾಮೇಶ್ವರದ ಹಡಗೂ ನಿಂತಿತು. 1992ರಲ್ಲಿ ಆಕೆ ತೀರಿಕೊಂಡಳು. ಕೊಟ್ಟ ತಂತಿ ಮಗನಿಗೆ ಸೇರಿದ್ದು ಆರು ದಿನದ ಮೇಲೆ.

ನಾನು ಮಾಡಿದ್ದು ಸರಿಯೇ?

ನಾವು ಮೇಷ್ಟ್ರುಗಳು ಪುಣ್ಯಕೋಟಿಯ ಕತೆಯನ್ನು ಹಾಡಿ ಹಾಡಿ ಮಕ್ಕಳ ಕಣ್ಣಲ್ಲಿ ನೀರು ತರಿಸಿದವರು. ಆ ಕತೆಯನ್ನೂ ಬೇಕಾದರೆ ಈ ದೃಷ್ಟಿಯಿಂದ ನೋಡಿ. ಹುಲಿ ಹಸುವಿಗೆ ಕೊಟ್ಟದ್ದು ಅವಧಿಯ ಅನುಮತಿ: ಕರುವನ್ನು ಕಂಡು ಹಾಲೂಡಿಸಿ ಬರಬಹುದು. ಹಸು ಮಾತಿಗೆ ತಪ್ಪದೆ ಹಿಂದಿರುಗಿತು. ಹುಲಿ ಅದನ್ನು ಕಂಡು ನಾಚಿ ಪ್ರಾಣಬಿಟ್ಟಿತು. ನಮ್ಮ ಊರಿನ ಆ ಮಗನೂ ಕೊಟ್ಟ ಅವಧಿಗೆ ತಪ್ಪಲಿಲ್ಲ. ಆದರೆ ದೇಶಗಳೆಂಬ ಹುಲಿಗಳಿಗೆ ನಾಚಿಕೆಯಿಲ್ಲ. ಸತ್ಯವಂತನೊಬ್ಬ ಎದುರಿಗೆ ಬಂದು ನಿಂತರೆ ಅವು ಪಾಸ್‌ಪೋರ್ಟಿನ ತಾರೀಖು ನೋಡುತ್ತವೆ.

ಮಹಾಭಾರತದ ಕರ್ಣಪರ್ವದಲ್ಲಿ ಕೃಷ್ಣ ಅರ್ಜುನನಿಗೆ ಕೌಶಿಕನೆಂಬ ತಪಸ್ವಿಯ ಕತೆ ಹೇಳುತ್ತಾನೆ. ಎಂದೂ ಸುಳ್ಳಾಡದ ವ್ರತ ಆತನದು. ದರೋಡೆಕೋರರಿಗೆ ಹೆದರಿ ಕೆಲವರು ಕಾಡಿನಲ್ಲಿ ಅಡಗಿದರು. ಬೆನ್ನಟ್ಟಿ ಬಂದವರು ಕೇಳಿದಾಗ ಕೌಶಿಕ ಇದ್ದದ್ದನ್ನು ಇದ್ದಂತೆ ತೋರಿಸಿಕೊಟ್ಟ. ಅಡಗಿದವರು ಸತ್ತರು, ಕೌಶಿಕ ನರಕಕ್ಕೆ ಹೋದ. ಜರ್ಮನಿಯ ತತ್ತ್ವಜ್ಞಾನಿ ಕಾಂಟ್ 1797ರಲ್ಲಿ ಇದಕ್ಕೆ ನೇರ ವಿರುದ್ಧವಾಗಿ ಬರೆದ: ಕೊಲೆಗಾರ ಬಾಗಿಲಿಗೆ ಬಂದು ನಿನ್ನ ಗೆಳೆಯ ಒಳಗಿದ್ದಾನೆಯೇ ಎಂದರೂ ಸುಳ್ಳು ಹೇಳಬಾರದು. ಅದೇ ಕಾಂಟ್ ಎರಡು ವರ್ಷ ಮುಂಚೆ, ಭೂಮಿ ಗುಂಡಗಿದೆ, ಮನುಷ್ಯರು ಕೊನೆಯಿಲ್ಲದೆ ಚದುರಲಾರರು, ಆದ್ದರಿಂದ ಪರದೇಶಿಗೆ ಬೇರೆಯವರ ನೆಲಕ್ಕೆ ಬಂದು ಹೋಗುವ ಹಕ್ಕಿದೆ, ಉಳಿಯುವ ಹಕ್ಕು ಮಾತ್ರ ಒಪ್ಪಿಗೆಯಿಂದ ಬರಬೇಕು ಎಂದಿದ್ದ. ಬಂದವನನ್ನು ಹೊರಗಟ್ಟಿದರೆ ಅವನು ನಾಶವಾಗುವಂತಿದ್ದರೆ ಅಟ್ಟಬಾರದು ಎಂದೂ ಹೇಳಿದ್ದ. ಆ ಮಾರ್ಚ್ ತಿಂಗಳಲ್ಲಿ ಮುಂದೇನಾಗುವುದೆಂದು ನನಗೆ ಗೊತ್ತಿರಲಿಲ್ಲ. ಹಾಗಾಗಿ ಕೌಶಿಕನ ಪಾಪ ನನ್ನದಲ್ಲ ಎಂದು ಬಹಳ ದಿನ ಸಮಾಧಾನ ಮಾಡಿಕೊಂಡೆ.

ಆ ಸಮಾಧಾನ ನಿಲ್ಲಲಿಲ್ಲ. ಕಾರಣವಿಷ್ಟೆ: ನಾನು ಸತ್ಯದ ಪಕ್ಷದಲ್ಲೂ ಇರಲಿಲ್ಲ. “ಸುಳ್ಳು ಬರೆಯಲಾರೆನಮ್ಮ” ಎಂದು ಹೇಳಿದ್ದರೆ ಆಕೆ ನನ್ನೊಂದಿಗೆ ವಾದ ಮಾಡಬಹುದಿತ್ತು, ಬೈಯಬಹುದಿತ್ತು, ಬೇರೆ ದಾರಿ ಹುಡುಕಬಹುದಿತ್ತು. ನಾನು ಹೇಳಿದ್ದು ಜಾಗ ಇಲ್ಲವೆಂದು. ರಿಜಿಸ್ಟರನ್ನು ಸುಳ್ಳಿನಿಂದ ಕಾಪಾಡಲು ಒಬ್ಬ ತಾಯಿಗೆ ಸುಳ್ಳು ಹೇಳಿದೆ. ಕಾಗದದ ಮಡಿ ಉಳಿಯಿತು, ನಾಲಿಗೆಯ ಮಡಿ ಹೋಯಿತು. ಬಾಗಿಲು ಕಾಯುವವರೆಲ್ಲ ಮಾಡುವುದು ಇದನ್ನೇ ಎಂದು ಈಗ ಅನ್ನಿಸುತ್ತದೆ. “ನಿನ್ನನ್ನು ಬಿಡಲು ನನಗೆ ಇಷ್ಟವಿಲ್ಲ” ಎನ್ನುವವರು ಕಡಿಮೆ. “ಕೋಟಾ ಮುಗಿದಿದೆ”, “ಕಾಲಂ ತುಂಬಿಲ್ಲ”, “ಜಾಗ ಇಲ್ಲ” ಎನ್ನುವವರೇ ಹೆಚ್ಚು.

ಹಾಗಾದರೆ ಬಾಗಿಲೇ ಬೇಡವೇ? ಕೆಕ್ಕನಹಳ್ಳದಲ್ಲಿ ಚೀಟಿ ಕೇಳಿದ್ದೇ ತಪ್ಪೇ? ನನ್ನ ಭಾಮೈದನ ಸಿಟ್ಟಿಗೆ ಇಲ್ಲಿ ನನ್ನ ಬೆಂಬಲವಿಲ್ಲ. ಮದ್ರಾಸ್ ಹೈಕೋರ್ಟಿನ ಆದೇಶದ ಮೇಲೆ 2024ರ ಮೇ 7ರಿಂದ ಈ ಇ-ಪಾಸ್ ಬಂತು. 2025ರ ಏಪ್ರಿಲ್‌ನಿಂದ ವಾರದ ದಿನಗಳಲ್ಲಿ 6,000, ಶನಿವಾರ ಭಾನುವಾರ 8,000 ವಾಹನ ಎಂದು ಮಿತಿ ಹಾಕಿದರು. ನಮ್ಮ ಟಿಎನ್ 43 ಗಾಡಿಗೆ ಬೇಡ, ಸರ್ಕಾರಿ ಬಸ್ಸಿಗೆ ಬೇಡ. ಕೆಎ 10ಕ್ಕೆ ಬೇಕು. ಮೇ ತಿಂಗಳಲ್ಲಿ ಊಟಿ ದಾರಿಯಲ್ಲಿ ಆಂಬುಲೆನ್ಸು ಸಿಕ್ಕಿಹಾಕಿಕೊಂಡದ್ದನ್ನು ಕಂಡವರು ಈ ಮಿತಿ ಅನ್ಯಾಯ ಎನ್ನಲಾರರು. ಬಂಡೀಪುರದಲ್ಲಿ ರಾತ್ರಿ ಒಂಬತ್ತರಿಂದ ಬೆಳಗ್ಗೆ ಆರರವರೆಗೆ ಗಾಡಿ ಬಿಡದಿರುವುದೂ ಹಾಗೆಯೇ. ಆ ಹೊತ್ತು ಆನೆಗಳದು. ಈ ಬಾಗಿಲು ಎಷ್ಟು ಜನ ಎಂದು ಎಣಿಸುತ್ತದೆ. ನಿನ್ನ ಅಜ್ಜ ಎಲ್ಲಿ ಹುಟ್ಟಿದ ಎಂದು ಕೇಳುವುದಿಲ್ಲ. ಇಂದು ಸಿಗದಿದ್ದರೆ ನಾಳೆ ಸಿಗುತ್ತದೆ. ಈ ಎರಡು ಬಗೆಯ ಬಾಗಿಲಿಗೆ ಒಂದೇ ಹೆಸರಿಟ್ಟು ಬೈಯುವುದು ಸರಿಯಲ್ಲ.

ಇನ್ನೊಂದನ್ನೂ ಹೇಳಬೇಕು, ನಾವು ಯಾರೂ ದೊಡ್ಡ ಮಾತಾಡುವ ಹಾಗಿಲ್ಲ. 1819ರಲ್ಲಿ ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ ಬೆಟ್ಟ ಹತ್ತಿದಾಗ ತೋಡರು ಅವನ ಚೀಟಿ ಕೇಳಲಿಲ್ಲ. ಬಡಗರ ಹಿರಿಯರು ತಾವು ಮೈಸೂರು ಸೀಮೆಯಿಂದ ಬಂದ ಕತೆ ಹೇಳುತ್ತಾರೆ. ನಾನು ಗುಂಡ್ಲುಪೇಟೆಯಿಂದ ಬಸ್ಸು ಹತ್ತಿ ಬಂದವನು. ನಮಗೆಲ್ಲ ಮುಂಚೆಯೇ ಇಲ್ಲಿದ್ದ ಪಣಿಯರು, ಬೆಟ್ಟಕುರುಂಬರು, ಕಾಟ್ಟುನಾಯಕರಿಗೆ ಒಂದು ತುಂಡು ಕಾಗದ ಇರಲಿಲ್ಲ. ಗೂಡಲೂರಿನ ನೆಲ ನಿಲಂಬೂರು ಕೋವಿಲಗಂ ಅವರ ಜನ್ಮಂ ಭೂಮಿಯಾಗಿತ್ತು. 1969ರಲ್ಲಿ ಅದನ್ನು ರದ್ದು ಮಾಡುವ ಕಾಯಿದೆ ಬಂದರೂ ಇಂದಿಗೂ ಎಷ್ಟೋ ಮನೆಗೆ ಪಟ್ಟಾ ಇಲ್ಲ. ಪಟ್ಟಾ ಇಲ್ಲದವರ ಸೀಮೆಯಲ್ಲಿ ಕೂತು ನಾವು ಇನ್ನೊಬ್ಬರಿಗೆ “ನೀನು ಎಲ್ಲಿಯವನು” ಎನ್ನುತ್ತಿದ್ದೆವು. 2006ರ ಅರಣ್ಯ ಹಕ್ಕು ಕಾಯಿದೆಯ ನಿಯಮಗಳಲ್ಲಿ ನನಗೆ ಬಹಳ ಹಿಡಿಸಿದ ಒಂದು ಅಂಶವಿದೆ: ಊರಿನ ಹಿರಿಯರು ಹೇಳಿ ಬರೆಸಿದ ಮಾತನ್ನೂ ಸಾಕ್ಷಿಯೆಂದು ತೆಗೆದುಕೊಳ್ಳಬಹುದು. ಕಾಗದವಿಲ್ಲದವನನ್ನು ಬಲ್ಲವರು ಇರುತ್ತಾರೆ ಎಂಬುದನ್ನು ಒಂದು ಕಾನೂನಾದರೂ ಒಪ್ಪಿತಲ್ಲ.

ಕಳೆದ ವರ್ಷದ ನವೆಂಬರಿನಲ್ಲಿ ನನ್ನ ವಾಟ್ಸಾಪಿಗೆ ಒಂದು ಸಂದೇಶ ಬಂತು. ಆ ಮಗನ ಮಗಳು. ಟೀ ಗಿಡಗಳ ನಡುವೆ ಮಲಗಿಸಿದ್ದ ಮಗುವಿನ ತಂಗಿ. ಅಪ್ಪ ತೀರಿಕೊಂಡು ಕೆಲವು ವರ್ಷವಾಯಿತಂತೆ. ಹ್ಯಾಟನ್ ಹತ್ತಿರ ಶಾಲೆಯಲ್ಲಿ ಟೀಚರು. ಅಜ್ಜಿಯನ್ನು ಮಣ್ಣುಮಾಡಿದ ಜಾಗ ನೋಡಬೇಕು, ಭಾರತಕ್ಕೆ ಇ-ವೀಸಾ ಅರ್ಜಿ ತುಂಬುತ್ತಿದ್ದೇನೆ, ಅದರಲ್ಲಿ ‘ಭಾರತದಲ್ಲಿ ಪರಿಚಯದವರು’ ಎಂಬ ಕಾಲಂ ಇದೆ, ಅಪ್ಪನ ಹಳೇ ಕಾಗದಗಳಲ್ಲಿ ನಿಮ್ಮ ವಿಳಾಸ ಸಿಕ್ಕಿತು, ನಿಮ್ಮ ಹೆಸರು ಬರೆಯಬಹುದಾ, ಎಂದು ಕೇಳಿದ್ದಳು. ನಂಬರು ಹುಡುಕಿಕೊಟ್ಟವರು ಇಲ್ಲಿ ತೋಟದಲ್ಲಿರುವ ಅವಳ ಚಿಕ್ಕಪ್ಪನ ಮಕ್ಕಳು. ಅವರ ಹೆಸರನ್ನೇ ಬರೆಯಬಹುದಿತ್ತಲ್ಲ ಎಂದು ಕೇಳಿದೆ. “ಅಪ್ಪ ನಿಮ್ಮನ್ನು ಒಳ್ಳೆಯ ವಾದ್ಯಾರು ಅಂತಿದ್ದರು. ಅವರ ಕಾಗದಗಳನ್ನೆಲ್ಲ ಅಜ್ಜಿಗೆ ಓದಿ ಹೇಳಿದವರು ಅಂತೆ” ಎಂದಳು. ಖಾಲಿ ಸಾಲಿನ ವಿಷಯ ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಬರೆದುಕೊ ಮಗಳೇ, ಎಂದೆ.

ಮೂರು ನಾಲ್ಕು ದಿನದಲ್ಲಿ ವೀಸಾ ಬಂತು. ತಿರುಚಿಗೆ ವಿಮಾನ, ಅಲ್ಲಿಂದ ಬಸ್ಸು. ಬಸ್ಸಿಗೆ ಇ-ಪಾಸ್ ಬೇಡವಾದ್ದರಿಂದ ನನ್ನ ಭಾಮೈದನಿಗಿಂತ ಸಲೀಸಾಗಿ ಬಂದಳು. ಗೂಡಲೂರಿನ ಲಾಡ್ಜಿನವರು ಪಾಸ್‌ಪೋರ್ಟ್ ನೋಡಿ, ವಿದೇಶಿಯರ ಫಾರಂ ತುಂಬಿ ಕಳಿಸಬೇಕು ಎಂದು ಎಲ್ಲ ವಿವರ ಬರೆದುಕೊಂಡರು. ಮಾರನೆಯ ದಿನ ತೋಟದ ಮೇಲಿನ ಮಣ್ಣಿಗೆ ಹೋದೆವು. ಕಲ್ಲಿಲ್ಲ, ಹೆಸರಿಲ್ಲ, ಲಂಟಾನ ಬೆಳೆದು ಎಲ್ಲ ಒಂದೇ ಆಗಿತ್ತು. ಯಾವುದೆಂದು ನನಗೂ ತಿಳಿಯಲಿಲ್ಲ. ಕೊನೆಗೆ ಲೈನಿನಿಂದ ಒಬ್ಬ ಮುದುಕಿಯನ್ನು ಕರೆತಂದರು. ಆಕೆಯೂ ಅದೇ ಹಡಗಿನಲ್ಲಿ ಬಂದವಳು. ಸ್ವಲ್ಪ ಹೊತ್ತು ಸುತ್ತಾಡಿ, ಒಂದು ಸಿಲ್ವರ್ ಓಕಿನ ಬುಡದಲ್ಲಿ ಕೋಲು ಊರಿ, “ಇದೇ” ಎಂದಳು. ಹುಡುಗಿ ಚಪ್ಪಲಿ ಬಿಟ್ಟು ಮುಂದೆ ಹೋದಳು.